ಕೂಸಿಗಿಂತ ಮೊದಲು ಕುಲಾವಿ

ನಮ್ಮ ಬಡಾವಣೆಯ ತಿರುವಿನಲ್ಲಿರುವ ದರ್ಶಿನಿಯ ಮಾಲೀಕರು ಚುನಾವಣೆ ಹತ್ತಿರ ಬಂದಾಗಲೆಲ್ಲ ಒಂದು ಬೋರ್ಡು ಹೊರತೆಗೆಯುತ್ತಾರೆ. ‘ದಯವಿಟ್ಟು ಇಲ್ಲಿ ರಾಜಕೀಯ ಮಾತನಾಡಬೇಡಿ.’ ಉಳಿದ ದಿನಗಳಲ್ಲಿ ಅದು ಉಗ್ರಾಣದಲ್ಲಿ ಈರುಳ್ಳಿ ಚೀಲದ ಹಿಂದೆ ಮಲಗಿರುತ್ತದೆ. ಅದು ಹೊರಗೆ ಬಂತೆಂದರೆ ಚುನಾವಣಾ ಆಯೋಗ ದಿನಾಂಕ ಪ್ರಕಟಿಸಿದ ಹಾಗೆಯೇ ಎಂದು ನಮ್ಮ ಲೆಕ್ಕ. ಆ ಬೋರ್ಡಿನ ಕೆಳಗೇ ನಿಂತು ನಾವು ಐದಾರು ಜನ ನಿವೃತ್ತರು ಬೆಳಗಿನ ಕಾಫಿಗೆ ರಾಜಕೀಯವನ್ನೇ ಬೆರೆಸಿ ಕುಡಿಯುತ್ತೇವೆ. ಮಾಲೀಕರು ಗಲ್ಲಾದಿಂದ ಒಮ್ಮೆ ಕೆಮ್ಮುತ್ತಾರೆ. ಎರಡನೇ ಸಲ ಕೆಮ್ಮಿದರೆ ನಾವು ಪಕ್ಷದ ಹೆಸರು ಬಿಟ್ಟು ‘ಅವರು’, ‘ಇವರು’ ಎಂದು ಮುಂದುವರಿಸುತ್ತೇವೆ. ಹಾಗಾಗಿ ಈ ಬರಹದಲ್ಲೂ ಬರಲಿರುವ ಚುನಾವಣೆಯ ಪಕ್ಷಕ್ಕೆ ಹೆಸರಿಲ್ಲ. ಹಳೆಯ ಚುನಾವಣೆಗಳಿಗೆ ಇದೆ; ಅವುಗಳ ಮಾತಿಗೆ ಮಾಲೀಕರು ಕೆಮ್ಮುವುದಿಲ್ಲ, ಬದಲಿಗೆ ಗಲ್ಲಾ ಬಿಟ್ಟು ಬಂದು ತಾವೂ ಸೇರಿಕೊಳ್ಳುತ್ತಾರೆ.

ಮೊನ್ನೆ ಕೆಇಬಿಯಿಂದ ನಿವೃತ್ತರಾದ ಗೆಳೆಯರು ಲೋಟ ಕೆಳಗಿಟ್ಟು ಕೇಳಿದರು. “ಅಲ್ಲ ಮೇಷ್ಟ್ರೇ, ಅವರಿಗೆ ಈ ಸಲ ಸ್ವಲ್ಪ ಜಾಸ್ತಿಯೇ ಆಯ್ತು ಅನ್ಸಲ್ವಾ? ಇನ್ನೂ ಟಿಕೆಟ್ಟೇ ಹಂಚಿಲ್ಲ, ಆಗಲೇ ಖಾತೆ ಹಂಚ್ಕೋತಾ ಇದಾರೆ.”

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ ಅಂದೆ. ಎಲ್ಲರೂ ತಲೆಯಾಡಿಸಿದರು. ಗಾದೆ ಹೇಳಿದರೆ ಅದೊಂದು ಅನುಕೂಲ, ಯಾರೂ ಮುಂದೆ ಪ್ರಶ್ನೆ ಕೇಳುವುದಿಲ್ಲ. ಆದರೆ ಮನೆಗೆ ಬರುವ ದಾರಿಯಲ್ಲಿ ನನಗೇ ಸಂಶಯ ಹತ್ತಿತು. ಕುಲಾವಿ ಮೊದಲೇ ಹೊಲಿಸಿಟ್ಟವರ ಮನೆಯಲ್ಲಿ ಕೂಸು ಹುಟ್ಟಿದ್ದೂ ಉಂಟಲ್ಲ? 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಡಿ.ಕೆ. ಶಿವಕುಮಾರ್ ಎಲ್ಲಿ ಮೈಕು ಸಿಕ್ಕಿದರೂ 141 ಎನ್ನುತ್ತಿದ್ದರು. ಮುಖ್ಯಮಂತ್ರಿ ಯಾರು ಎಂಬ ಜಗ್ಗಾಟ ಮತ ಬೀಳುವ ಮುಂಚೆಯೇ ಬೀದಿಗೆ ಬಂದಿತ್ತು. ಕುಲಾವಿ ಒಂದು, ತಲೆ ಎರಡು! ಆದರೂ ಕಾಂಗ್ರೆಸ್ಸಿಗೆ ಬಂದದ್ದು 135. ಹೇಳಿದ್ದಕ್ಕೆ ಆರು ಕಡಿಮೆ, ಅಷ್ಟೆ. ಬಿಜೆಪಿ 66ಕ್ಕೆ ಇಳಿಯಿತು. ಯಾರೂ ಅವರನ್ನು ಅತಿಯಾದ ಆತ್ಮವಿಶ್ವಾಸದವರು ಎನ್ನಲಿಲ್ಲ. ‘ನಾಡಿಮಿಡಿತ ಬಲ್ಲವರು’ ಎಂದರು. ಅಕಸ್ಮಾತ್ 95 ಬಂದಿದ್ದರೆ ಅದೇ ಪತ್ರಿಕೆಗಳು, ಅದೇ ಪಂಡಿತರು ಏನು ಬರೆಯುತ್ತಿದ್ದರೆಂದು ನಿಮಗೂ ಗೊತ್ತು.

2018ರದ್ದು ಇನ್ನೂ ಸ್ವಾರಸ್ಯ. ಆಗ ಬಿ.ಎಸ್. ಯಡಿಯೂರಪ್ಪನವರು ಫಲಿತಾಂಶಕ್ಕೆ ಮುಂಚೆಯೇ ಪ್ರಮಾಣವಚನದ ದಿನಾಂಕ ಹೇಳಿಬಿಟ್ಟಿದ್ದರು, ಮೇ 17 ಎಂದು. ಪಕ್ಷ 150 ಎಂದು ಹೊರಟದ್ದು 104ಕ್ಕೆ ನಿಂತಿತು. ಆದರೆ ದಿನಾಂಕ ತಪ್ಪಲಿಲ್ಲ! ಹೇಳಿದಂತೆಯೇ ಮೇ 17ಕ್ಕೆ ಪ್ರಮಾಣವಚನ ಆಯಿತು. ಬಹುಮತ ಸಿಗದೆ 19ಕ್ಕೆ ರಾಜೀನಾಮೆಯೂ ಆಯಿತು. ಕುಲಾವಿ ಹೊಲಿಸಿದ್ದು ಸರಿಯಾಗಿತ್ತು, ಕೂಸಿನ ತಲೆಯ ಮೇಲೆ ಎರಡು ದಿನ ಇತ್ತು ಕೂಡ. ಇದನ್ನು ಅತಿವಿಶ್ವಾಸ ಅನ್ನಬೇಕೋ ಭವಿಷ್ಯವಾಣಿ ಅನ್ನಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಹಾಗಾದರೆ ಕೊಚ್ಚಿಕೊಳ್ಳುವುದನ್ನು ನೋಡಿ ಏನನ್ನೂ ಹೇಳಲು ಬರುವುದಿಲ್ಲ. ರಾಜಕಾರಣಿ ಕೊಚ್ಚಿಕೊಳ್ಳಲೇಬೇಕು, ಅದು ಅವನ ಕಸುಬು. ‘ಗೆಲ್ಲುವುದು ಸ್ವಲ್ಪ ಕಷ್ಟ, ಆದರೂ ನೋಡೋಣ’ ಎಂದು ಸತ್ಯ ನುಡಿದವನ ಹಿಂದೆ ಬೂತಿನಲ್ಲಿ ಕೂರಲು ಒಬ್ಬ ಹುಡುಗನೂ ಬರುವುದಿಲ್ಲ. ದುಡ್ಡು ಹಾಕುವವರು ಗೆಲ್ಲುವ ಕುದುರೆಗೆ ಹಾಕುತ್ತಾರೆ. ಮಂಡ್ಯ ಕಡೆ ಟಗರು ಕಟ್ಟಿ, ಗದ್ದೆ ಕಟ್ಟಿ ಬಾಜಿ ಆಡುವವರಿದ್ದಾರೆ. ಅವರೂ ಮುಖ ನೋಡುತ್ತಾರೆ. ಬೇಲಿ ಮೇಲೆ ಕೂತವರಂತೂ ಯಾವ ಕಡೆ ಗದ್ದಲ ಜಾಸ್ತಿಯೋ ಆ ಕಡೆ ಇಳಿಯುತ್ತಾರೆ. ಆದ್ದರಿಂದ ಒಳಗೆ ನಡುಕ ಹುಟ್ಟಿದವನೇ ಹೊರಗೆ ‘150 ಖಚಿತ’ ಅನ್ನುತ್ತಿರಬಹುದು.

ವಿರಾಟನ ಮಗ ಉತ್ತರಕುಮಾರನನ್ನು ನಾವು ಸುಮ್ಮನೆ ಹಾಸ್ಯ ಮಾಡಿದ್ದೇವೆ. ಉತ್ತರನ ಪೌರುಷ ಒಲೆಯ ಮುಂದೆ ಅನ್ನುತ್ತೇವೆ. ಹೆಂಗಸರ ಮುಂದೆ ಕೊಚ್ಚಿಕೊಂಡ, ಕೌರವರ ಸೇನೆ ಕಂಡದ್ದೇ ರಥದಿಂದ ಹಾರಿದ, ನಿಜ. ಆದರೆ ಕೊನೆಗೆ ಗೋವುಗಳು ವಾಪಸು ಬಂದವಲ್ಲ? ಊರಲ್ಲಿ ತೋರಣ ಕಟ್ಟಿದ್ದು ಅವನಿಗೇ ಅಲ್ಲವೆ? ಸಾರಥಿಯಾಗಿ ಕೂತ ಬೃಹನ್ನಳೆ ಯಾರೆಂಬುದು ಅವನ ಅದೃಷ್ಟ. ಇವತ್ತಿನ ಭಾಷೆಯಲ್ಲಿ ಅದಕ್ಕೆ ‘ಅಲೆ’ ಅನ್ನುತ್ತಾರೆ. ಅಲೆ ಇದ್ದಾಗ ಎಷ್ಟು ಉತ್ತರಕುಮಾರರು ವಿಧಾನಸೌಧದ ಮೆಟ್ಟಿಲು ಹತ್ತಿಲ್ಲ! ಮುಂದಿನ ಸಲ ರಥದಲ್ಲಿ ಬೃಹನ್ನಳೆ ಇರುವುದಿಲ್ಲ ಎಂಬುದನ್ನು ಮರೆತು ಅವರೇ ಮತ್ತೆ ಹೊರಡುತ್ತಾರೆ.

ಹೀಗೆ ಬೃಹನ್ನಳೆ ಇಲ್ಲದೆ ಹೊರಟ ರಥಗಳ ಮೆರವಣಿಗೆ ನೋಡಬೇಕಾದರೆ 2004ಕ್ಕೆ ಹೋಗಬೇಕು. ಅದರ ಹಿಂದಿನ ಡಿಸೆಂಬರಿನಲ್ಲಿ ಬಿಜೆಪಿ ರಾಜಸ್ಥಾನ, ಮಧ್ಯಪ್ರದೇಶ, ಛತ್ತೀಸಗಢ ಮೂರನ್ನೂ ಗೆದ್ದಿತ್ತು. ಬಿಸಿ ಆರುವ ಮುಂಚೆ ಉಂಡುಬಿಡೋಣ ಎಂದು ಫೆಬ್ರುವರಿಯಲ್ಲೇ ಲೋಕಸಭೆ ವಿಸರ್ಜಿಸಿದರು. ‘ಇಂಡಿಯಾ ಶೈನಿಂಗ್’ ಎಂಬ ಜಾಹೀರಾತು ಟಿವಿ ಹಚ್ಚಿದರೆ, ಪತ್ರಿಕೆ ಬಿಡಿಸಿದರೆ ಹೊಳೆಯುತ್ತಿತ್ತು. ಪಕ್ಕದ ಆಂಧ್ರದಲ್ಲಿ ಚಂದ್ರಬಾಬು ನಾಯ್ಡು ಅಲಿಪಿರಿಯ ಬಾಂಬಿನಿಂದ ಪಾರಾಗಿ ಬಂದಿದ್ದರು. ಅನುಕಂಪ ಇದ್ದಾಗಲೇ ಎಂದು ಅವರೂ ವಿಧಾನಸಭೆ ವಿಸರ್ಜಿಸಿದರು. ನಮ್ಮಲ್ಲಿ ಎಸ್.ಎಂ. ಕೃಷ್ಣ ಅವರೂ ಅವಧಿ ಮುಗಿಯಲು ತಿಂಗಳುಗಳಿರುವಾಗಲೇ ಚುನಾವಣೆಗೆ ಹೋದರು. ಬೆಂಗಳೂರು ಸಿಂಗಪುರ ಆಗುತ್ತದೆ ಎಂಬ ಮಾತು ಆಗ ಜೋರಾಗಿತ್ತು. ಬೆಂಗಳೂರಿನಾಚೆ ವರ್ಷದ ಮೇಲೆ ವರ್ಷ ಬರ ಬಿದ್ದು ಕೆರೆಯ ತಳ ಬಿರುಕು ಬಿಟ್ಟಿತ್ತು.

ಮೇ ತಿಂಗಳಲ್ಲಿ ಎಣಿಕೆ. ದೆಹಲಿಯಲ್ಲಿ ಬಿಜೆಪಿ 138ಕ್ಕೆ ಇಳಿದು ಕಾಂಗ್ರೆಸ್ 145ಕ್ಕೆ ಏರಿತ್ತು. ಹೈದರಾಬಾದಿನಲ್ಲಿ 294ರಲ್ಲಿ ತೆಲುಗುದೇಶಕ್ಕೆ ಸಿಕ್ಕಿದ್ದು 47. ಬೆಂಗಳೂರಿನಲ್ಲಿ 132 ಇದ್ದ ಕಾಂಗ್ರೆಸ್ 65ಕ್ಕೆ ಕುಸಿಯಿತು. ಮೂರು ಮನೆಯಲ್ಲೂ ದಿನ ತುಂಬುವ ಮುಂಚೆಯೇ ಸೂಲಗಿತ್ತಿಗೆ ಹೇಳಿಕಳಿಸಿದ್ದರು, ಮೂರು ಮನೆಯಲ್ಲೂ ತೊಟ್ಟಿಲು ಖಾಲಿ. ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಅದೇ ಬೇಸಿಗೆಯಲ್ಲಿ ಒಡಿಶಾದ ನವೀನ್ ಪಟ್ನಾಯಕ್ ಕೂಡ ಅವಧಿಗೆ ಮೊದಲೇ ಚುನಾವಣೆಗೆ ಹೋದರು, ಗೆದ್ದೂ ಬಂದರು. ಅವರನ್ನು ಯಾರೂ ನೆನೆಸಿಕೊಳ್ಳುವುದಿಲ್ಲ. ಹರಟೆಗೆ ಗೆದ್ದವರಿಂದ ಪ್ರಯೋಜನವಿಲ್ಲ.

ಈ ಮಾತನ್ನೆಲ್ಲ ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ಸಾರಿಗೆ ಒಗ್ಗರಣೆ ಹಾಕುತ್ತಾ, “ಅಷ್ಟೆಲ್ಲ ಯಾಕೆ, ಗೇಟು ನೋಡಿದ್ರೆ ಗೊತ್ತಾಗಲ್ವೇನ್ರೀ?” ಅಂದಳು. ಅವಳ ಲೆಕ್ಕ ಹೀಗೆ. ಮೂರು ಚುನಾವಣೆಗಳ ಹಿಂದೆ ಆ ಪಕ್ಷದ ಅಭ್ಯರ್ಥಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ನೆಲದ ಮೇಲೇ ಕೂತು, ‘ಅಮ್ಮಾ, ಒಂದು ಲೋಟ ಮಜ್ಜಿಗೆ ಕೊಡಿ’ ಎಂದು ಕೇಳಿ ಕುಡಿದಿದ್ದರು. ಕುಡಿದ ಲೋಟವನ್ನು ತೊಳೆಯಲು ಹೋಗಿದ್ದರಂತೆ, ಇವಳೇ ಕಸಿದುಕೊಂಡಳಂತೆ. ಗೆದ್ದರು. ಮುಂದಿನ ಸಲ ಗೇಟಿನ ಹತ್ತಿರ ನಿಂತು ಕೈಮುಗಿದರು. ಗೆದ್ದರು. ಅದರ ಮುಂದಿನ ಸಲ ತೆರೆದ ಜೀಪಿನಿಂದ ಕೈ ಬೀಸಿದರು. ಅವರ ಹುಡುಗರು ಕರಪತ್ರವನ್ನು ಗೇಟಿನ ಸಂದಿಗೆ ಸಿಕ್ಕಿಸಿ ಓಡಿದರು, ಅದು ಗಾಳಿಗೆ ಚರಂಡಿ ಸೇರಿತು. ಈ ಸಲ ಜೀಪೂ ಬಂದಿಲ್ಲ. ಫೋನು ಬಂತು. ಎತ್ತಿದರೆ ಅವರದೇ ದನಿ, ‘ನಿಮ್ಮ ಮನೆಯ ಮಗ ಮಾತಾಡ್ತಿದೀನಿ.’ ಇವಳು ಬೀದಿ ನಲ್ಲಿಯ ವಿಷಯ ಶುರುಮಾಡಿದಳು. ಅತ್ತ ಮಗ ನಿಲ್ಲಿಸದೆ ತನ್ನ ಪಾಡಿಗೆ ಹೇಳುತ್ತಲೇ ಹೋದ, ರೆಕಾರ್ಡು ಮಾಡಿದ ಮಗ.

ಮಜ್ಜಿಗೆಯಿಂದ ರೆಕಾರ್ಡಿಗೆ ಬಂದ ಈ ಇಳಿಜಾರನ್ನು ಯಾವ ಸಮೀಕ್ಷೆಯೂ ಅಳೆದದ್ದು ನಾನು ಕಾಣೆ. ಅತಿವಿಶ್ವಾಸ ಎಂದರೆ ‘ಗೆಲ್ಲುತ್ತೇವೆ’ ಎನ್ನುವುದಲ್ಲ, ಮತ ಕೇಳುವುದನ್ನು ಬಿಟ್ಟುಬಿಡುವುದು ಎಂದು ಅವತ್ತು ಅವಳ ಒಗ್ಗರಣೆಯ ಹೊಗೆಯಲ್ಲಿ ನನಗೆ ಹೊಳೆಯಿತು. ಹೊಳೆದದ್ದನ್ನು ಅವಳಿಗೆ ಹೇಳಿದೆ. “ನಾನು ಅದನ್ನೇ ಅಲ್ವಾ ಹೇಳಿದ್ದು” ಅಂದಳು.

ಯೋಚಿಸಿದರೆ ನನಗೂ ಇದು ಮೊದಲೇ ಗೊತ್ತಿತ್ತು. ಮೇಷ್ಟ್ರಾಗಿದ್ದವನಿಗೆ ಚುನಾವಣೆ ಡ್ಯೂಟಿ ತಪ್ಪಿದ್ದುಂಟೆ? ಮಸ್ಟರಿಂಗಿನ ಮೈದಾನದಲ್ಲಿ ಬಿಸಿಲಿಗೆ ನಿಂತು ಪೆಟ್ಟಿಗೆ ತೆಗೆದುಕೊಂಡು, ಕಾಣದ ಊರಿನ ಶಾಲೆಯ ಬೆಂಚಿನ ಮೇಲೆ ಸೊಳ್ಳೆಗೆ ಮೈಕೊಟ್ಟು ಮಲಗಿ, ಬೆಳಗಿನ ಜಾವ ತಣ್ಣೀರು ಸುರಿದುಕೊಂಡು, ನಮ್ಮ ಮೈಸೂರಿನಲ್ಲೇ ತಯಾರಾಗುವ ಶಾಯಿಯ ಬಾಟಲಿ ತೆರೆದು ಕೂತವನು ನಾನು. ಈ ಶಾಯಿ 1962ರಿಂದ ದೇಶದ ಬೆರಳುಗಳಿಗೆಲ್ಲ ಹತ್ತಿದೆ. ನನ್ನ ಅಂಗಿಗಳಿಗೂ ಹತ್ತಿದೆ, ಹೋಗಿಲ್ಲ. ಬೂತಿನ ಗೋಡೆಗೆ ಒರಗಿ ಸಾಲಾಗಿ ಕೂರುವ ಪಕ್ಷದ ಏಜೆಂಟರನ್ನು ಇಡೀ ದಿನ ನೋಡುವುದು ಬಿಟ್ಟರೆ ಅಲ್ಲಿ ನಮಗೆ ಬೇರೆ ಮನರಂಜನೆ ಇಲ್ಲ.

ಹೆದರಿದ ಪಕ್ಷದ ಏಜೆಂಟ ಐದೂವರೆಗೇ ಹಾಜರು. ಅಣಕು ಮತದಾನದಲ್ಲಿ ಕನಿಷ್ಠ 50 ಮತ ಒತ್ತಬೇಕಲ್ಲ, ಅಷ್ಟನ್ನೂ ಬೆರಳು ಮಡಿಸಿ ಎಣಿಸುತ್ತಾನೆ. ಮತದಾರರ ಪಟ್ಟಿಯ ಮೇಲೆ ಸ್ಕೇಲು ಇಟ್ಟು ಒಂದೊಂದೇ ಹೆಸರಿಗೆ ಗೀಟು ಹಾಕುತ್ತಾನೆ. ‘ಸಾರ್, ಈ ಅಜ್ಜಿ ಹೋದ ಶ್ರಾವಣದಲ್ಲೇ ತೀರಿಕೊಂಡ್ರು’ ಎಂದು ತಕರಾರು ತೆಗೆಯುತ್ತಾನೆ. ಕೂತಲ್ಲೇ ಎಲೆ ಪೊಟ್ಟಣ ಬಿಚ್ಚಿ ಚಿತ್ರಾನ್ನ ತಿನ್ನುತ್ತಾನೆ, ಒಂದು ಕಣ್ಣು ಬಾಗಿಲ ಮೇಲೆ. ಸಂಜೆ ಯಂತ್ರಕ್ಕೆ ಸೀಲು ಬಿದ್ದ ಮೇಲೆ ಮತಗಳ ಲೆಕ್ಕದ 17-ಸಿ ನಮೂನೆಯ ಪ್ರತಿ ಕೈಗೆ ಸಿಗುವವರೆಗೆ ಜಾಗ ಬಿಟ್ಟು ಕದಲುವುದಿಲ್ಲ. ಗೆದ್ದೇ ಬಿಟ್ಟೆವು ಅಂದುಕೊಂಡ ಪಕ್ಷದ ಏಜೆಂಟ ಎಂಟು ಗಂಟೆಗೆ ಇಡ್ಲಿ ತಿಂದು ಹಲ್ಲುಕಡ್ಡಿ ಆಡಿಸುತ್ತಾ ಬರುತ್ತಾನೆ. ಹನ್ನೊಂದಕ್ಕೆ ಫೋನು ಬಂದು ಹೊರಗೆ ಹೋಗುತ್ತಾನೆ. ಎರಡು ಗಂಟೆಗೆ ಶಾಲೆಯ ಹಿಂದಿನ ಹೊಂಗೆಮರದ ನೆರಳಲ್ಲಿ ಟವಲು ಹಾಸಿ ಮಲಗಿರುತ್ತಾನೆ. ಸಂಜೆ ಅವನ ಸಹಿಗಾಗಿ ನಾವೇ ಹುಡುಕಿಕೊಂಡು ಹೋಗಬೇಕು. ಒಮ್ಮೆ ಹೀಗೆ ಎಬ್ಬಿಸಿದಾಗ ಒಬ್ಬ, ‘ಲೀಡು ಎಷ್ಟು ಸಾರ್?’ ಎಂದು ಕಣ್ಣುಜ್ಜಿಕೊಂಡ. ಎಣಿಕೆಗೆ ಇನ್ನೂ ಮೂರು ದಿನ ಇತ್ತು.

ಮರದಡಿ ಮಲಗಿದ ಪಕ್ಷಗಳೆಲ್ಲ ಸೋತವು ಎಂದು ಹೇಳುವುದಿಲ್ಲ, ನಾನು ಲೆಕ್ಕ ಇಟ್ಟಿಲ್ಲ. ಆದರೆ 2019ರ ಮಂಡ್ಯವನ್ನು ನೆನೆದಾಗಲೆಲ್ಲ ನನಗೆ ಆ ಹೊಂಗೆಮರವೇ ಕಣ್ಣಮುಂದೆ ಬರುತ್ತದೆ. ಕಾಗದದ ಮೇಲೆ ಅಷ್ಟು ಭದ್ರವಾದ ಸೀಟು ಕರ್ನಾಟಕದಲ್ಲಿ ಇನ್ನೊಂದಿರಲಿಲ್ಲ. ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಎಂಟೂ ಜೆಡಿಎಸ್. ಆ ಎಂಟರಲ್ಲಿ ಮೂವರು ಮಂತ್ರಿಗಳು. ಅಭ್ಯರ್ಥಿ ನಿಖಿಲ್, ಮುಖ್ಯಮಂತ್ರಿ ಕುಮಾರಸ್ವಾಮಿಯವರ ಮಗ, ಮಾಜಿ ಪ್ರಧಾನಿಯ ಮೊಮ್ಮಗ. ಮೇಲೆ ಕಾಂಗ್ರೆಸ್ಸಿನ ಮೈತ್ರಿ ಬೇರೆ. ಎದುರಿಗೆ ಪತಿ ಅಂಬರೀಶ್ ತೀರಿಕೊಂಡು ಆರು ತಿಂಗಳೂ ಆಗಿರದ ಸುಮಲತಾ, ಪಕ್ಷೇತರ, ಚಿಹ್ನೆ ಕಹಳೆ ಊದುವ ರೈತ. ಬಿಜೆಪಿ ಬೆಂಬಲ ಕೊಟ್ಟಿತ್ತು. ಕಣದಲ್ಲಿ ಇನ್ನೂ ಮೂವರು ಸುಮಲತಾರು ಇದ್ದರು.

ಕೂಡಿಸುವ ಲೆಕ್ಕ ಬಲ್ಲ ಯಾರೇ ಆದರೂ ಜೆಡಿಎಸ್ ಎಂದೇ ಹೇಳುತ್ತಿದ್ದರು. ಆದರೆ ಮೇಲೆ ಕೈ ಕುಲುಕಿದ ಮಾತ್ರಕ್ಕೆ ಕೆಳಗೆ ಹಳ್ಳಿಯ ಜಗಲಿಗಳಲ್ಲಿ ತಲೆಮಾರುಗಳಿಂದ ಎದುರುಬದುರು ಕೂತವರು ಒಂದೇ ಚಾಪೆಗೆ ಬರುತ್ತಾರೆಯೇ? ಕಾಂಗ್ರೆಸ್ ಕಾರ್ಯಕರ್ತರು ಹಗಲಿಗೆ ಮೈತ್ರಿ, ರಾತ್ರಿಗೆ ಕಹಳೆ. ನಟರಾದ ದರ್ಶನ್, ಯಶ್ ‘ಜೋಡೆತ್ತು’ಗಳಾಗಿ ಬಿಸಿಲಲ್ಲಿ ಊರೂರು ಸುತ್ತಿದರು. ಅತ್ತ ‘ನಿಖಿಲ್ ಎಲ್ಲಿದ್ದೀಯಪ್ಪಾ’ ಎಂಬ ಒಂದು ಮಾತು ಹುಡುಗರ ಮೊಬೈಲಿನಿಂದ ಹೊರಟು ಮದುವೆ ಮನೆ, ಬಸ್ ಸ್ಟ್ಯಾಂಡು, ಶಾಲೆಯ ಹಾಜರಿವರೆಗೂ ಬಂತು. ನಗೆ ಯಾವಾಗ ಮನೆಮನೆಗೆ ಹೋಯಿತೋ ಆಗಲೇ ಎಂಟು ಶಾಸಕರ ಲೆಕ್ಕ ಮುಗಿದಿತ್ತು. ಸುಮಲತಾ 1,25,876 ಮತಗಳಿಂದ ಗೆದ್ದರು. ಶಾಸಕರ ಮತ ಶಾಸಕರದ್ದೇ ಎಂದು ಅಂದುಕೊಂಡದ್ದು ತಪ್ಪಾಯಿತು. ಅದು ಜನ ಒಂದು ಸಲಕ್ಕೆ ಕೊಟ್ಟ ಕೈಗಡ.

ನಮ್ಮ ಜನರಿಗೆ ಈ ಕೈಗಡ ವಾಪಸು ಪಡೆಯುವುದು ಹೊಸದೂ ಅಲ್ಲ. 1984ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿಯವರ ಹತ್ಯೆಯ ದುಃಖದಲ್ಲಿ ರಾಜ್ಯದ 28 ಲೋಕಸಭಾ ಸೀಟುಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟರು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಬಂದರು. ಮೂರೇ ತಿಂಗಳು, 1985ರ ಮಾರ್ಚಿನಲ್ಲಿ ಅದೇ ಜನ ಅವರ ಜನತಾ ಪಕ್ಷಕ್ಕೆ 224ರಲ್ಲಿ 139 ಕೊಟ್ಟರು. 24ನ್ನು ಎಂಟರಿಂದ ಗುಣಿಸಿ ಕಾಂಗ್ರೆಸ್ಸಿಗೆ 192 ಎಂದು ಲೆಕ್ಕ ಹಾಕಿ ಕೂತವರು ಆಗಲೂ ಇದ್ದಿರಬೇಕು. 2013ರಲ್ಲಿ ಕಾಂಗ್ರೆಸ್ಸಿಗೆ ವಿಧಾನಸಭೆ, ವರ್ಷ ತಿರುಗಿದರೆ ಲೋಕಸಭೆಯಲ್ಲಿ ಬಿಜೆಪಿಗೆ 17, ಕಾಂಗ್ರೆಸ್ಸಿಗೆ 9, ಜೆಡಿಎಸ್ಸಿಗೆ 2. ಹತ್ತು ವರ್ಷದ ಮೇಲೆ ಮತ್ತೆ ಹಾಗೇ: 2023ರಲ್ಲಿ ವಿಧಾನಸಭೆ ಕಾಂಗ್ರೆಸ್ಸಿಗೆ, 2024ರಲ್ಲಿ ಲೋಕಸಭೆಯ ಲೆಕ್ಕ ಮತ್ತದೇ 17, 9, 2. ಬೆರಳಿಗೆ ಹಚ್ಚಿದ ಶಾಯಿ ಅಳಿಸುವ ಹೊತ್ತಿಗೆ ಮನಸ್ಸೂ ಬದಲಾಗಿರುತ್ತದೆ.

ಹೆದರುವುದು ಕೆಲವೊಮ್ಮೆ ಕಾಯುತ್ತದೆ. 2018ರಲ್ಲಿ ಸಿದ್ದರಾಮಯ್ಯನವರು ಚಾಮುಂಡೇಶ್ವರಿಯ ಜೊತೆಗೆ ದೂರದ ಬಾದಾಮಿಯಲ್ಲೂ ನಿಂತಾಗ ಸೋಲಿನ ಭಯ ಎಂದು ಎದುರಾಳಿಗಳು ನಕ್ಕರು. ಭಯವೇ ಇರಬಹುದು. ಸ್ವಂತ ನೆಲದಲ್ಲಿ 36,042 ಮತಗಳಿಂದ ಸೋತರು, ಬಾದಾಮಿಯಲ್ಲಿ 1,696ರಿಂದ ಗೆದ್ದರು. ಆ ಭಯ ಇರದಿದ್ದರೆ ಐದು ವರ್ಷ ಮನೆಯಲ್ಲಿರಬೇಕಿತ್ತು.

ಇನ್ನು ಹೆದರದವರ ಜಿಲೇಬಿಯ ವಿಷಯ. 2024ರ ಅಕ್ಟೋಬರಿನಲ್ಲಿ ಹರಿಯಾಣದ ಚುನಾವಣೆ ಮುಗಿದಾಗ ಮತಗಟ್ಟೆ ಸಮೀಕ್ಷೆಗಳೆಲ್ಲ ಒಂದೇ ಬಾಯಲ್ಲಿ ಕಾಂಗ್ರೆಸ್ ಎಂದಿದ್ದವು. ಹತ್ತು ವರ್ಷದ ಬಿಜೆಪಿ ಆಡಳಿತ, ರೈತರ ಸಿಟ್ಟು, ಕುಸ್ತಿಪಟುಗಳ ಸಿಟ್ಟು, ಅಗ್ನಿವೀರರ ಸಿಟ್ಟು, ಇನ್ನೇನು ಬೇಕು? ಗೆಲುವು ಕೈಯಲ್ಲೇ ಇದೆ ಎಂದು ಕಾಂಗ್ರೆಸ್ಸಿನೊಳಗೆ ಹೂಡಾ ಬಣ ಒಂದು ಕಡೆ, ಸೆಲ್ಜಾ ಬಣ ಒಂದು ಕಡೆ. ರಾಹುಲ್ ಗಾಂಧಿ ಗೋಹಾನಾದಲ್ಲಿ ಜಿಲೇಬಿಯನ್ನು ಹೊಗಳಿದ್ದೂ ಆಗಿತ್ತು. 8ನೇ ತಾರೀಖು ಬೆಳಿಗ್ಗೆ ಎಣಿಕೆ ಶುರುವಾದದ್ದೇ ಕಾಂಗ್ರೆಸ್ ಮುಂದೆ. ದೆಹಲಿಯ ಪಕ್ಷದ ಕಚೇರಿ ಮುಂದೆ ಡೋಲು ಬಡಿದು ಸಿಹಿ ಹಂಚಿದರು. ಎಲ್ಲ ಕಡೆಯೂ ಮೊದಲು ಎಣಿಸುವುದು ಅಂಚೆ ಮತ, ಅಂದರೆ ನಮ್ಮಂಥ ಡ್ಯೂಟಿ ಮೇಷ್ಟ್ರುಗಳ ಮತ. ಪಿಂಚಣಿಗೆ ಕಾದು ಕೂತ ನಮ್ಮ ಮಾತು ಕೇಳಿ ಡೋಲು ಬಡಿಯುವುದೇ? ಯಂತ್ರಗಳು ಬಾಯಿ ಬಿಟ್ಟವು, ಹತ್ತು ಗಂಟೆ ಆಗುವಷ್ಟರಲ್ಲಿ ಗಾಳಿ ತಿರುಗಿತು. ಸಂಜೆಗೆ 90ರಲ್ಲಿ ಬಿಜೆಪಿ 48, ಕಾಂಗ್ರೆಸ್ 37. ಎರಡೂ ಪಕ್ಷಗಳ ಮತದ ನಡುವೆ ಶೇಕಡಾ ಒಂದರಷ್ಟೂ ಅಂತರವಿರಲಿಲ್ಲ. ಜಿಲೇಬಿ ತಿಂದವರು ಬಿಜೆಪಿಯವರು. ಅದೇ ಬಿಜೆಪಿ ನಾಲ್ಕು ತಿಂಗಳ ಹಿಂದೆ ‘ಚಾರ್ ಸೌ ಪಾರ್’ ಎಂದು ಹೊರಟು 240ಕ್ಕೆ ನಿಂತಿತ್ತು, ಅಯೋಧ್ಯೆ ಇರುವ ಫೈಜಾಬಾದನ್ನೂ ಕಳೆದುಕೊಂಡಿತ್ತು ಎಂಬುದನ್ನು ಮರೆಯಬಾರದು. ಈ ರೋಗ ಪಕ್ಷ ನೋಡಿ ಬರುವುದಿಲ್ಲ.

ಸಿಹಿಯ ಮಾತು ಬಂದದ್ದರಿಂದ ನಮ್ಮ ಬೀದಿಯ ಅಡುಗೆ ಭಟ್ಟರ ಕಥೆ ಹೇಳದೆ ಮುಗಿಸಲಾರೆ. ಕೆಲವು ಚುನಾವಣೆಗಳ ಹಿಂದೆ ಒಬ್ಬ ಅಭ್ಯರ್ಥಿಯ ಕಡೆಯವರು ಬಂದು ಅರ್ಧ ಮುಂಗಡ ಕೊಟ್ಟು ನಾಲ್ಕು ಸಾವಿರ ಬೂಂದಿ ಲಾಡು ಹೇಳಿದರು. ಎಣಿಕೆ ಎಂಟಕ್ಕೆ ಶುರು, ಹತ್ತಕ್ಕೆ ಲಾಡು ತಯಾರಿರಬೇಕು. ಸೇಬಿನ ಹಾರಕ್ಕೆ ಕ್ರೇನೂ ಗೊತ್ತಾಗಿತ್ತು. ಭಟ್ಟರು ರಾತ್ರಿಯೆಲ್ಲ ಬೂಂದಿ ಕರಿದು, ಎಳೆಪಾಕಕ್ಕೆ ಸುರಿದು, ಬೆಳಗಿನ ಹೊತ್ತಿಗೆ ಎರಡು ಸಾವಿರ ಉಂಡೆ ಕಟ್ಟಿ ಮುಗಿಸಿದ್ದರು. ನಾನು ಹಾಲಿಗೆ ಹೋದವನು ಕಲ್ಯಾಣ ಮಂಟಪದ ಅಡುಗೆಮನೆಯಲ್ಲಿ ಇಣುಕಿದೆ. ತಟ್ಟೆ ತಟ್ಟೆ ಲಾಡು, ಮೂಲೆಯಲ್ಲಿ ಟಿವಿ, ಹುಡುಗರ ಕೈ ಕೊಳಗದಲ್ಲಿ, ಕಣ್ಣು ಟಿವಿಯಲ್ಲಿ. ಆರನೇ ಸುತ್ತಿನವರೆಗೂ ಉಂಡೆ ಪಟಪಟ ಉರುಳುತ್ತಿತ್ತು. ಒಂಬತ್ತನೇ ಸುತ್ತಿಗೆ ಲೀಡು ಕರಗಿತು, ಹುಡುಗರ ಕೈ ನಿಧಾನವಾಯಿತು. ಹನ್ನೆರಡನೇ ಸುತ್ತಿಗೆ ನಿಂತೇಹೋಯಿತು. ಭಟ್ಟರು ಗದರಿಸಿದರು, “ಕಟ್ರೋ ಕಟ್ರೋ, ಆರಿದ್ರೆ ಉಂಡೆ ಹಿಡಿಯಲ್ಲ. ಪಾಕಕ್ಕೇನು ಪಕ್ಷ ಗೊತ್ತಾ?”

ಹೇಳಿದವರು ಫೋನು ಎತ್ತಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಗೆದ್ದವರ ಹುಡುಗರು ಗೂಡ್ಸ್ ಆಟೊದಲ್ಲಿ ಬಂದರು. ಅವರಿಗೆ ಗೆಲ್ಲುತ್ತೇವೆಂಬ ನಂಬಿಕೆಯೇ ಇರಲಿಲ್ಲ, ಒಂದು ಲಾಡೂ ಹೇಳಿರಲಿಲ್ಲ. “ಭಟ್ರೇ, ನಿಮ್ಮಲ್ಲಿ ಲಾಡು ಇದೆಯಂತಲ್ಲ?” ಭಟ್ಟರು ಅರ್ಧ ದರಕ್ಕೆ ಕೊಟ್ಟರು. ಸೋತವರ ಅರ್ಧ, ಗೆದ್ದವರ ಅರ್ಧ, ಲೆಕ್ಕ ಸರಿಹೋಯಿತು. ನನಗೂ ಎರಡು ಸಿಕ್ಕಿತು. ಅವತ್ತಿನಿಂದ ಭಟ್ಟರು ಚುನಾವಣೆ ಲಾಡಿಗೆ ಮಾತ್ರ ಪೂರ್ತಿ ದುಡ್ಡು ಮೊದಲೇ ಇಸಿದುಕೊಳ್ಳುತ್ತಾರೆ.

ನಿನ್ನೆ ಸಂಜೆ ಭಟ್ಟರು ದರ್ಶಿನಿಯ ಹತ್ತಿರ ಸಿಕ್ಕಿದರು. ಗೆಳೆಯರ ಮೊನ್ನೆಯ ಪ್ರಶ್ನೆಯನ್ನು ಅವರಿಗೇ ಕೇಳಿದೆ. ಅವರು ಬೋರ್ಡಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು. ಅವತ್ತು ಲಾಡು ಹೇಳದೆ ಗೆದ್ದ ಆ ಅಭ್ಯರ್ಥಿ ಈ ಸಲ ಈಗಲೇ ಹೇಳಿದ್ದಾರಂತೆ, ಐದು ಸಾವಿರ, ದ್ರಾಕ್ಷಿ ಗೋಡಂಬಿ ಜಾಸ್ತಿ ಹಾಕಿ. ದುಡ್ಡು ಪೂರ್ತಿ ಬಂದಿದೆ.